ವಹಿವಾಟು 42 ಲಕ್ಷ, ಮನೆಗೆ ಬಂದದ್ದೆಷ್ಟು? ಸಣ್ಣ ಉದ್ಯಮದ ಲೆಕ್ಕ ಬಿಡಿಸಿ ನೋಡಿದಾಗ

2025ರ ಜುಲೈ ತಿಂಗಳನ್ನು ರಾಜ್ಯದ ಸಣ್ಣ ವ್ಯಾಪಾರಿಗಳು ಬೇಗ ಮರೆಯಲಾರರು. ಯುಪಿಐ ಮೂಲಕ ಖಾತೆಗೆ ಬಂದ ಹಣದ ವಿವರ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಮಂದಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. 2021–22ರಿಂದ 2024–25ರವರೆಗಿನ ಲೆಕ್ಕ ಅದು. ಬೇಕರಿ, ಕಾಂಡಿಮೆಂಟ್ಸ್, ಹಾಲು, ತರಕಾರಿ ಮಾರುವವರೆಲ್ಲ ಗಾಬರಿಬಿದ್ದರು. ಹಲವು ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಬೇಕಾದವರು ಮಾಡಿಸಲೇಬೇಕು ಎಂದರು.

ಅಂದಿನಿಂದ ದಾವಣಗೆರೆ, ಚಿತ್ರದುರ್ಗ ಕಡೆ ಏನಾದರೂ ಸ್ವಂತದ್ದು ಶುರು ಮಾಡಬೇಕು ಅಂದುಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಜಿಎಸ್‌ಟಿ ಬೀಳುತ್ತಾ?’ ಕೇಳಬೇಕಾದ ಪ್ರಶ್ನೆಯೇ, ಆದರೆ ಅದು ಮೂರನೆಯದು. ಅದಕ್ಕಿಂತ ಮೊದಲು ಕೇಳಬೇಕಾದವು ಎರಡಿವೆ. ಮಾರಿದ್ದರಲ್ಲಿ ಉಳಿಯುವುದೆಷ್ಟು? ಉಳಿದದ್ದು ಕೈಗೆ ಬರುವುದು ಯಾವಾಗ? ವಹಿವಾಟು, ಲಾಭ, ಕೈಯಲ್ಲಿರುವ ರೊಕ್ಕ, ಇವು ಮೂರೂ ಬೇರೆ ಬೇರೆ. ತೆರಿಗೆಯವರು ಮೊದಲು ನೋಡುವುದು ವಹಿವಾಟನ್ನು. ನಿಮ್ಮ ಮನೆ ನಡೆಯುವುದು ಲಾಭದಿಂದ. ಅಂಗಡಿ ನಾಳೆ ಬಾಗಿಲು ತೆರೆಯುತ್ತದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಕೈಯಲ್ಲಿರುವ ರೊಕ್ಕ. ಬಾಯಿಮಾತಿನಲ್ಲಿ ಹೇಳಿದರೆ ಇದು ಅರ್ಥವಾಗುವುದಿಲ್ಲ, ಒಂದು ಉದ್ಯಮದ ಲೆಕ್ಕವನ್ನೇ ಬಿಡಿಸಿ ನೋಡೋಣ.

ಒಂದು ಗಾಣ, ಒಂದು ದಿನ

ಚಳ್ಳಕೆರೆಯನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ‘ಎರಡನೇ ಮುಂಬೈ’ ಎಂದೇ ಹೆಸರಾದ ಎಣ್ಣೆ ಮಿಲ್ಲುಗಳ ಊರು. ಹೊರದೇಶದ ಪಾಮ್ ಎಣ್ಣೆ ಅಗ್ಗಕ್ಕೆ ಸಿಗತೊಡಗಿತು, ಮಳೆ ಕೈಕೊಟ್ಟ ವರ್ಷಗಳಲ್ಲಿ ಶೇಂಗಾ ಬೆಳೆಯೂ ಕೈಕೊಟ್ಟಿತು, ಒಂದೊಂದಾಗಿ ಮಿಲ್ಲುಗಳು ಬಾಗಿಲು ಹಾಕಿದವು. ಈಗ ಮತ್ತೆ ಮರದ ಗಾಣದ ಎಣ್ಣೆಗೆ ಗಿರಾಕಿ ಇದ್ದಾರೆ. ಊರಿನ ಒಬ್ಬ ಹೆಣ್ಣುಮಗಳು ವಿದ್ಯುತ್ತಿನಿಂದ ತಿರುಗುವ ಒಂದು ಮರದ ಗಾಣ ಹಾಕುತ್ತಾಳೆ ಎಂದುಕೊಳ್ಳಿ. ಇಲ್ಲಿ ಕೊಡುವ ದರಗಳು ಲೆಕ್ಕ ಅರ್ಥವಾಗಲಿ ಎಂದು ನಾನು ಹಾಕಿಕೊಂಡವು. ಮಾರುಕಟ್ಟೆಯ ದರ ದಿನದಿನಕ್ಕೆ ಬದಲಾಗುತ್ತದೆ, ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ದಿನಕ್ಕೆ 100 ಕೆ.ಜಿ. ಶೇಂಗಾ ಬೀಜ. ಕೆ.ಜಿ.ಗೆ 110 ರೂಪಾಯಿಯಂತೆ 11,000. ಅದರಿಂದ ಸುಮಾರು 40 ಲೀಟರ್ ಎಣ್ಣೆ, 55 ಕೆ.ಜಿ. ಹಿಂಡಿ. ಎಣ್ಣೆ ಲೀಟರಿಗೆ 300ರಂತೆ 12,000, ಹಿಂಡಿ ಕೆ.ಜಿ.ಗೆ 40ರಂತೆ ದನ ಕಟ್ಟಿದವರಿಗೆ ಹೋದರೆ 2,200. ಒಟ್ಟು ಬಂದದ್ದು 14,200 ರೂಪಾಯಿ.

ಬಾಟಲಿ, ಮುಚ್ಚಳ, ಚೀಟಿಗೆ 600. ಕೂಲಿ 600. ಕರೆಂಟಿಗೆ 150. ಬೀಜದ ದುಡ್ಡೂ ಸೇರಿ ಖರ್ಚು 12,350. ದಿನಕ್ಕೆ ಉಳಿದದ್ದು 1,850 ರೂಪಾಯಿ.

ಹಿಂಡಿಯ 2,200 ತೆಗೆದುಬಿಟ್ಟರೆ ಈ ಗಾಣ ನಷ್ಟದಲ್ಲಿದೆ ಎಂಬುದನ್ನು ಗಮನಿಸಿ. ಎಣ್ಣೆಯ ಹೆಸರಿನಲ್ಲಿ ನಡೆಯುವ ಉದ್ಯಮವನ್ನು ಉಳಿಸುತ್ತಿರುವುದು ಹಿಂಡಿ. ಹಲವು ಉದ್ಯಮಗಳ ಕಥೆ ಹೀಗೇ ಇರುತ್ತದೆ. ಯಾವುದರಿಂದ ಉಳಿಯುತ್ತಿದೆ ಎಂಬುದು ಬರೆದು ನೋಡುವವರೆಗೂ ಮಾಲೀಕರಿಗೇ ಗೊತ್ತಿರುವುದಿಲ್ಲ.

ಹದಿಮೂರು ದಿನದ ದುಡಿಮೆ ಬೇರೆಯವರಿಗೆ

ಮೇಲೆ ಬರೆದ ಖರ್ಚುಗಳು ಗಾಣ ತಿರುಗಿದರಷ್ಟೇ ಬರುವವು. ಗಾಣ ನಿಂತರೂ ನಿಲ್ಲದ ಖರ್ಚು ಬೇರೆ ಇರುತ್ತವೆ. ಜಾಗದ ಬಾಡಿಗೆ 8,000, ಯಂತ್ರದ ಸಾಲದ ಕಂತು 10,000, ಸಾಗಣೆ, ಫೋನು, ರಿಪೇರಿ ಎಲ್ಲ ಸೇರಿ 6,000 ಎಂದಿಟ್ಟುಕೊಂಡರೆ ತಿಂಗಳಿಗೆ 24,000 ರೂಪಾಯಿ ಕಟ್ಟಿಟ್ಟದ್ದು. ಇದನ್ನು 1,850ರಿಂದ ಭಾಗಿಸಿದರೆ 13 ಬರುತ್ತದೆ. ಅಂದರೆ ತಿಂಗಳ ಮೊದಲ ಹದಿಮೂರು ದಿನ ಆಕೆ ದುಡಿಯುವುದು ಬಾಡಿಗೆಗೆ, ಬ್ಯಾಂಕಿಗೆ. ಹದಿನಾಲ್ಕನೇ ದಿನದಿಂದ ತನಗಾಗಿ. ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಈ ಗೆರೆಯನ್ನು ಉದ್ಯಮ ಶುರು ಮಾಡುವ ಮುಂಚೆಯೇ ಕಂಡುಕೊಳ್ಳಬೇಕು. ಈ ಗೆರೆ 25 ದಿನಕ್ಕೆ ಬಂದರೆ ಆ ಉದ್ಯಮಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ಒಂದು ಜ್ವರ ಬಂದರೂ ಆ ತಿಂಗಳು ಮುಗಿಯಿತು.

ತಿಂಗಳಿಗೆ 25 ದಿನ ಗಾಣ ತಿರುಗಿದರೆ 46,250. ಅದರಲ್ಲಿ 24,000 ಕಳೆದರೆ 22,250 ರೂಪಾಯಿ. ಇದರಲ್ಲಿ ಆಕೆಯ ಸ್ವಂತ ದುಡಿಮೆಯ ಕೂಲಿಯೂ ಸೇರಿದೆ. ಬೇರೆಯವರ ಹತ್ತಿರ ಇಷ್ಟೇ ಹೊತ್ತು ದುಡಿದಿದ್ದರೆ 12,000 ಸಿಗುತ್ತಿತ್ತು ಎಂದಾದರೆ, ಉದ್ಯಮ ದುಡಿದುಕೊಟ್ಟದ್ದು ಉಳಿದ 10,250 ಮಾತ್ರ. ಮನೆಮಂದಿಯ ದುಡಿಮೆಗೆ ಬೆಲೆ ಕಟ್ಟದೆ ಲಾಭ ಎಣಿಸುವುದು ನಮ್ಮ ಕಡೆ ಬಹಳ ಸಾಮಾನ್ಯ. ಮಗ ಕಾಲೇಜು ಬಿಟ್ಟು ಗಲ್ಲಾ ಮೇಲೆ ಕೂತರೆ ಅದು ಪುಕ್ಕಟೆಯಲ್ಲ, ಅದೂ ಲೆಕ್ಕಕ್ಕೆ ಬರಬೇಕು.

ಇನ್ನು ವರ್ಷದ ವಹಿವಾಟು ನೋಡಿ. ತಿಂಗಳಿಗೆ 3,55,000, ವರ್ಷಕ್ಕೆ 42 ಲಕ್ಷ 60 ಸಾವಿರ. ಉಳಿದದ್ದು 2 ಲಕ್ಷ 67 ಸಾವಿರ. ಯುಪಿಐ ಲೆಕ್ಕ ನೋಡಿದವರ ಕಣ್ಣಿಗೆ ಕಾಣುವುದು ಮೊದಲನೇ ಸಂಖ್ಯೆ. ಜುಲೈ ನೋಟಿಸು ಬಂದಾಗ ಅಷ್ಟೊಂದು ಜನ ‘ನಾವೆಲ್ಲಿ ಅಷ್ಟು ದುಡಿದಿದ್ದೇವೆ’ ಎಂದು ಕಂಗಾಲಾದದ್ದು ಯಾಕೆಂದು ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಹೇಳುತ್ತದೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ ನೋಡಬೇಕು. ಶೇಂಗಾ ಬೀಜದ ದರ ಕೆ.ಜಿ.ಗೆ 10 ರೂಪಾಯಿ ಏರಿತು, ಎಣ್ಣೆಯ ದರ ಏರಿಸಲು ಗಿರಾಕಿ ಬಿಡಲಿಲ್ಲ. ದಿನಕ್ಕೆ ಉಳಿಯುತ್ತಿದ್ದ 1,850 ಈಗ 850. ತಿಂಗಳಿಗೆ 21,250. ಬಾಡಿಗೆ, ಕಂತಿಗೇ 2,750 ಕಡಿಮೆ ಬಿತ್ತು. ಹತ್ತು ರೂಪಾಯಿ ಏರಿಕೆಗೆ ಇಡೀ ಲಾಭ ಹೋಯಿತು! ಆದ್ದರಿಂದ ಯೋಜನೆ ಬರೆಯುವಾಗ ಒಂದೇ ದರ ಹಿಡಿದು ಬರೆಯಬಾರದು. ಕಚ್ಚಾ ಸರಕು ಏರಿದರೆ, ಮಾರಾಟ ಅರ್ಧಕ್ಕೆ ಇಳಿದರೆ ಏನಾಗುತ್ತದೆ ಎಂದು ಎರಡು ಮೂರು ಬಗೆಯಲ್ಲಿ ಬರೆದಿಟ್ಟುಕೊಳ್ಳಬೇಕು.

ಲಾಭ ಇದೆ, ರೊಕ್ಕ ಇಲ್ಲ

ಸಣ್ಣ ಉದ್ಯಮಗಳು ಮುಚ್ಚುವುದು ನಷ್ಟದಿಂದ ಎಂದು ನಾವು ಅಂದುಕೊಂಡಿರುತ್ತೇವೆ. ಲಾಭದಲ್ಲಿರುವಾಗಲೇ ಮುಚ್ಚುವವೂ ಇವೆ. ಪುಸ್ತಕದಲ್ಲಿ ಲಾಭ ಕಾಣುತ್ತಿರುತ್ತದೆ, ನಾಳೆ ಸರಕು ತರಲು ಕೈಯಲ್ಲಿ ಕಾಸಿರುವುದಿಲ್ಲ. ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನಲ್ಲಿ ನೀರಿದೆ, ನಾಲೆಗೂ ಬಿಟ್ಟಿದ್ದಾರೆ, ಆದರೆ ಭತ್ತ ತೆನೆ ಕಟ್ಟುವ ವಾರದಲ್ಲಿ ಹರಿಹರದ ಕಡೆಯ ಗದ್ದೆಗೆ ತಲುಪಿಲ್ಲ ಎಂದರೆ ಬೆಳೆ ಒಣಗಿದ ಹಾಗೆಯೇ. ಡ್ಯಾಮಿನಲ್ಲಿರುವ ನೀರು ಲಾಭ, ಗದ್ದೆಗೆ ಬಂದ ನೀರು ರೊಕ್ಕ.

ಗಾಣದ ವಿಷಯದಲ್ಲಿ ಹಣ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಹಿಂಬಾಲಿಸೋಣ. ಬೀಜ ತಂದಾಗ ದಲ್ಲಾಳಿ ಅಂಗಡಿಗೆ ಅಂದೇ ರೊಕ್ಕ ಕೊಡಬೇಕು. ಬೀಜವನ್ನು ಅಂಗೈಯಲ್ಲಿ ಹಾಕಿ ಉಜ್ಜಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು. ಬಿಡದಿದ್ದರೆ ಹಸಿ ಉಳಿದಿದೆ ಎಂದರ್ಥ, ಮತ್ತೆರಡು ದಿನ ಬಿಸಿಲಿಗೆ ಹರವಬೇಕು. ಹಸಿ ಬೀಜ ಚೀಲದಲ್ಲಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೆಟ್ಟದ್ದು, ಅಂಥ ಬೀಜದ ಹಿಂಡಿ ದನಕ್ಕೂ ಆಗದು. ಒಣಗಿದ ಮೇಲೆ ಗಾಣಕ್ಕೆ ಹಾಕಿ ಹಿಂಡಿದ ಎಣ್ಣೆಯನ್ನು ಕೂಡಲೇ ಬಾಟಲಿಗೆ ತುಂಬುವಂತಿಲ್ಲ. ಸ್ಟೀಲಿನ ಡ್ರಮ್ಮಿನಲ್ಲಿ ಎರಡು ಮೂರು ದಿನ ಅಲುಗಾಡಿಸದೆ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಎಣ್ಣೆಯನ್ನಷ್ಟೇ ತೆಗೆಯಬೇಕು. ಅಷ್ಟೂ ದಿನ ಆ ಡ್ರಮ್ಮಿನಲ್ಲಿ ಕೂತಿರುವುದು ಆಕೆಯ ರೊಕ್ಕ. ಬಾಟಲಿ ತುಂಬಿ ದಾವಣಗೆರೆಯ ಅಂಗಡಿಗೆ ಹಾಕಿದರೆ ಅಂಗಡಿಯವರು ‘ಮುಂದಿನ ತಿಂಗಳು ಕೊಡ್ತೀನಿ’ ಅನ್ನುತ್ತಾರೆ.

ಬೀಜಕ್ಕೆ ಕೊಟ್ಟ ರೊಕ್ಕ ಎಣ್ಣೆಯಾಗಿ, ಬಿಲ್ಲಾಗಿ, ಮತ್ತೆ ರೊಕ್ಕವಾಗಿ ಕೈಗೆ ಬರಲು 45 ದಿನ ಹಿಡಿಯಿತು ಎನ್ನಿ. 45 ದಿನದಲ್ಲಿ ಸುಮಾರು 37 ದಿನ ಗಾಣ ತಿರುಗಿರುತ್ತದೆ. ದಿನಕ್ಕೆ 12,350ರಂತೆ ನಾಲ್ಕೂವರೆ ಲಕ್ಷ ರೂಪಾಯಿ ಸದಾ ಹೊರಗೇ ಇರುತ್ತದೆ. ಅದೇ ಎಣ್ಣೆಯನ್ನು ನೇರ ಮನೆಗಳಿಗೆ ಕೊಟ್ಟು 15 ದಿನದಲ್ಲಿ ರೊಕ್ಕ ತಿರುಗಿ ಬಂದರೆ ಹೊರಗಿರುವುದು ಒಂದೂವರೆ ಲಕ್ಷ ಮಾತ್ರ. ಗಾಣ ಅದೇ, ಎಣ್ಣೆ ಅದೇ, ಲಾಭವೂ ಅಷ್ಟೇ. 45 ದಿನದ ಸುತ್ತಿಗೆ ಬೇಕಾದ ಬಂಡವಾಳ ಮಾತ್ರ ಮೂರು ಪಟ್ಟು. ಹೀಗೆ ಸರಕಿನಲ್ಲಿ, ಉದ್ರಿಯಲ್ಲಿ ಸುತ್ತುತ್ತಿರುವ ಹಣಕ್ಕೆ ದುಡಿಯುವ ಬಂಡವಾಳ ಎನ್ನುತ್ತಾರೆ. ಯಂತ್ರಕ್ಕೆ, ಕಟ್ಟಡಕ್ಕೆ ಹಾಕಿದ್ದು ಸ್ಥಿರ ಬಂಡವಾಳ. ಹೊಸಬರು ಸ್ಥಿರ ಬಂಡವಾಳವನ್ನು ಪೈಸೆ ಬಿಡದೆ ಲೆಕ್ಕ ಹಾಕಿರುತ್ತಾರೆ, ಇನ್ನೊಂದನ್ನು ‘ನಡೆದಂಗೆ ನಡೀತದೆ’ ಎಂದು ಬಿಟ್ಟಿರುತ್ತಾರೆ.

ಆಗ ಮೂರನೇ ತಿಂಗಳಿಗೆ ಕೈಸಾಲ ಶುರುವಾಗುತ್ತದೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು, ವರ್ಷಕ್ಕೆ ಅದು ಶೇ 36. ಒಂದು ದಿನದ ಸರಕಿನ 12,350ಕ್ಕೆ 45 ದಿನದ ಬಡ್ಡಿ ಸುಮಾರು 555 ರೂಪಾಯಿ. ದಿನದ ಉಳಿಕೆ 1,850ರಲ್ಲಿ ಶೇ 30 ಬಡ್ಡಿಗೇ ಹೋಯಿತು. ಇದರಲ್ಲಿ ಗಾಣದ ತಪ್ಪೂ ಇಲ್ಲ, ದುಡಿದವಳ ತಪ್ಪೂ ಇಲ್ಲ. ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಅಷ್ಟೇ. ಇಷ್ಟು ಸಣ್ಣ ಕಾರಣಕ್ಕೆ ಒಳ್ಳೆ ಕೆಲಸಗಾರರು ಕೈಚೆಲ್ಲುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಚಳ್ಳಕೆರೆ ಭಾಗದಲ್ಲಿ ಮುಂಗಾರಿನ ಶೇಂಗಾ ಕಿತ್ತು ಮಾರುಕಟ್ಟೆಗೆ ಬರುವುದು ಅಕ್ಟೋಬರ್–ನವೆಂಬರ್ ಹೊತ್ತಿಗೆ. ಆಗ ದರ ಸಾಮಾನ್ಯವಾಗಿ ಇಳಿದಿರುತ್ತದೆ, ಇಡೀ ವರ್ಷಕ್ಕೆ ಕೊಂಡಿಟ್ಟುಕೊಳ್ಳೋಣ ಅನ್ನಿಸುತ್ತದೆ. ಕೊಳ್ಳುವ ಮುನ್ನ ಎರಡು ಸಂಗತಿ ತೂಗಿ ನೋಡಬೇಕು. ಬೇಸಿಗೆಗೆ ದರ ಎಷ್ಟು ಏರಬಹುದು ಎಂಬುದು ಒಂದು, ಅಲ್ಲಿಯವರೆಗೆ ಆ ರೊಕ್ಕಕ್ಕೆ ಬೀಳುವ ಬಡ್ಡಿ, ಗೋದಾಮು, ಹುಳು–ಬೂಷ್ಟಿನ ನಷ್ಟ ಇನ್ನೊಂದು. ಸ್ವಂತ ರೊಕ್ಕ ಇದ್ದವರಿಗೆ ಇದು ಲಾಭದ ದಾರಿ. ಮೂರು ರೂಪಾಯಿ ಬಡ್ಡಿಗೆ ತಂದವರಿಗೆ ಬಹುಪಾಲು ಅಲ್ಲ.

ಉದ್ರಿ: ಕೊಡದೆ ನಡೆಯದು, ಬರೆಯದೆ ಕೊಡಬಾರದು

ನಮ್ಮ ಊರುಗಳಲ್ಲಿ ಉದ್ರಿ ಇಲ್ಲದೆ ವ್ಯಾಪಾರವಿಲ್ಲ. ದಾವಣಗೆರೆಯ ಮಂಡಿಪೇಟೆ ಬೆಳೆದಿರುವುದೇ ನಂಬಿಕೆಯ ಮೇಲೆ. ಉದ್ರಿ ಬೇಡ ಎಂಬ ಬೋರ್ಡು ಹಾಕುವುದು ಸುಲಭ, ಪಕ್ಕದ ಅಂಗಡಿಯವರು ಕೊಡುತ್ತಿರುವಾಗ ಅದನ್ನು ನಡೆಸುವುದು ಕಷ್ಟ. ಕೆಲಸಕ್ಕೆ ಬರುವುದು ಗೆರೆ ಎಳೆಯುವುದು. ಒಬ್ಬ ಅಂಗಡಿಯವರಿಗೆ ಎಷ್ಟು ಸಾವಿರದವರೆಗೆ, ಎಷ್ಟು ದಿನದವರೆಗೆ ಎಂದು ಮೊದಲೇ ನಿಗದಿ ಮಾಡಿ, ಹಳೆ ಬಿಲ್ ತೀರಿದ ಮೇಲೆಯೇ ಹೊಸ ಸರಕು ಇಳಿಸಿ. ನಗದು ಕೊಟ್ಟವರಿಗೆ ಲೀಟರಿಗೆ ಐದು ರೂಪಾಯಿ ಬಿಟ್ಟರೂ ಕೈಸಾಲದ ಬಡ್ಡಿಗಿಂತ ಅದು ಅಗ್ಗ. ಪ್ರತಿ ಉದ್ರಿಗೂ ದಿನಾಂಕ ಹಾಕಿದ ಬಿಲ್ ಇರಲಿ, ಕೆಳಗೆ ಅವರ ಸಹಿ ಇರಲಿ.

ದೊಡ್ಡ ಖರೀದಿದಾರರು ದುಡ್ಡು ತಡೆಹಿಡಿದರೆ ಕಾನೂನಿನ ಆಸರೆಯೂ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿಗೆಂದು 2006ರಲ್ಲಿ ಬಂದ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಕರಾರಿನಲ್ಲಿ ಹೇಳಿದ ದಿನದೊಳಗೆ ದುಡ್ಡು ಕೊಡಬೇಕು, ಆ ಕರಾರು 45 ದಿನವನ್ನು ಮೀರುವಂತಿಲ್ಲ. ಲಿಖಿತ ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಅದಕ್ಕೆಂದು 2017ರಲ್ಲಿ ‘ಸಮಾಧಾನ್’ ಪೋರ್ಟಲ್ ಶುರುವಾಗಿತ್ತು. ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಈ ಗಡುವು ಮೀರಿಸಿದ ಖರೀದಿದಾರರು ಆ ಮೊತ್ತವನ್ನು ನಿಜವಾಗಿ ಪಾವತಿಸುವವರೆಗೆ ತಮ್ಮ ಖರ್ಚಿನಲ್ಲಿ ತೋರಿಸುವಂತಿಲ್ಲ.

ಇದೆಲ್ಲ ಸಿಗಬೇಕಾದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇರಬೇಕು. ಒಂದು ಮುಖ್ಯ ಸಂಗತಿ: ಸರಕು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಈ ರಕ್ಷಣೆ ಇದೆ. ಕೊಂಡು ಮಾರುವ ವ್ಯಾಪಾರಿಗಳೂ 2021ರ ಜುಲೈನಿಂದ ಉದ್ಯಮ್ ನೋಂದಣಿ ಮಾಡಿಸಬಹುದು, ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ, ಬಾಕಿ ವಸೂಲಿಗೆ ಅಲ್ಲ.

ಸಾಲ ಮತ್ತು ಸಬ್ಸಿಡಿ

ಬ್ಯಾಂಕಿನಲ್ಲಿ ಕೇಳಬೇಕಾದ ಸಾಲ ಎರಡು ಬಗೆಯದು. ಯಂತ್ರಕ್ಕೆ ಅವಧಿ ಸಾಲ, ಕಂತಿನಲ್ಲಿ ತೀರಿಸುವುದು. ಸರಕಿಗೆ ಓವರ್‌ಡ್ರಾಫ್ಟ್ (ಓ.ಡಿ.) ಅಥವಾ ಕ್ಯಾಶ್ ಕ್ರೆಡಿಟ್ (ಸಿ.ಸಿ.) ಖಾತೆ. ಅದರಲ್ಲಿ ಒಂದು ಮಿತಿ ಹಾಕಿಕೊಡುತ್ತಾರೆ, ಬೇಕಾದಾಗ ತೆಗೆಯಬಹುದು, ಬಂದಾಗ ಕಟ್ಟಬಹುದು, ಬಳಸಿದಷ್ಟಕ್ಕೆ ಬಳಸಿದಷ್ಟು ದಿನ ಮಾತ್ರ ಬಡ್ಡಿ. ಓ.ಡಿ. ದುಡ್ಡಲ್ಲಿ ಯಂತ್ರ ಕೊಳ್ಳಬಾರದು. ಹಾಗೆ ಕೊಂಡರೆ ಸರಕಿಗೆ ದುಡ್ಡಿರುವುದಿಲ್ಲ, ಯಂತ್ರ ಸುಮ್ಮನೆ ನಿಲ್ಲುತ್ತದೆ.

ದುಡಿಯುವ ಬಂಡವಾಳ ಎಷ್ಟು ಕೊಡಬೇಕು ಎಂಬುದಕ್ಕೆ ಬ್ಯಾಂಕುಗಳಲ್ಲಿ ನಾಯಕ್ ಸಮಿತಿಯ ಸೂತ್ರ ಎಂಬುದು ಬಳಕೆಯಲ್ಲಿದೆ. ವರ್ಷದ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕು ಎಂದು ಹಿಡಿದು, ಶೇ 20 ಬ್ಯಾಂಕ್ ಕೊಡುವುದು, ಶೇ 5 ಉದ್ಯಮಿ ಹಾಕುವುದು. ನಮ್ಮ ಗಾಣದ 42.6 ಲಕ್ಷಕ್ಕೆ ಬ್ಯಾಂಕಿನ ಪಾಲು 8.52 ಲಕ್ಷ. ಆಕೆಗೆ ಅಷ್ಟು ಬೇಕಾಗಿಲ್ಲ, ನಾಲ್ಕೂವರೆ ಲಕ್ಷದ ಲೆಕ್ಕ ಮೇಲೆಯೇ ನೋಡಿದೆವು. ಆದರೆ ಇಂಥದ್ದೊಂದು ಸೂತ್ರ ಇದೆ ಎಂದು ಗೊತ್ತಿದ್ದವರು ಮ್ಯಾನೇಜರ್ ಎದುರು ಕೂತು ಸಮವಾಗಿ ಮಾತಾಡಬಲ್ಲರು.

ಜಾಮೀನಿಗೆ ಆಸ್ತಿ ಇಲ್ಲದವರಿಗೆ ಮುದ್ರಾ ಇದೆ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಅವಕಾಶ ಆಮೇಲೆ ಸೇರಿತು. ಇದು ಸಾಲ, ಸಹಾಯಧನವಲ್ಲ. ‘ಮುದ್ರಾ ಕಟ್ಟಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಕಟ್ಟದಿದ್ದರೆ ಸಾಲ ಸರಿಯಾಗಿ ತೀರಿಸುತ್ತೀರಾ ಎಂದು ಬ್ಯಾಂಕುಗಳು ನೋಡುವ ಸಿಬಿಲ್ ಅಂಕ ಬಿದ್ದು ಮುಂದಿನ ಎಲ್ಲ ಸಾಲಗಳ ಬಾಗಿಲು ಮುಚ್ಚುತ್ತದೆ.

ಸಬ್ಸಿಡಿ ಇರುವುದು ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ. 2025–26ರವರೆಗಿನ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಅನುಮತಿ ಇತ್ತು. ಹಳ್ಳಿಯಲ್ಲಿ ಶುರು ಮಾಡುವ ಮಹಿಳೆಗೆ ಶೇ 35 ಸಹಾಯಧನ, ಸ್ವಂತದ್ದು ಶೇ 5. 10 ಲಕ್ಷದ ಘಟಕವಾದರೆ ಆಕೆ 50,000 ಹಾಕಬೇಕು, ಬ್ಯಾಂಕ್ 9.5 ಲಕ್ಷ ಕೊಡುತ್ತದೆ, ಸಹಾಯಧನ 3.5 ಲಕ್ಷ. ಈ ಮೂರೂವರೆ ಲಕ್ಷ ಆಕೆಯ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ, ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ದುಡ್ಡಲ್ಲಿ ಮೊದಲ ಲೋಡು ಶೇಂಗಾ ತರೋಣ ಎಂದುಕೊಂಡವರು ಇಲ್ಲೇ ಎಡವುತ್ತಾರೆ.

ಇನ್ನೊಂದು ಎಚ್ಚರ. ಈ ಸಹಾಯಧನ ಹೊಸ ಘಟಕಕ್ಕೆ ಮಾತ್ರ. ಮೊದಲು ಯಂತ್ರ ತಂದು ಶುರು ಮಾಡಿ, ಆಮೇಲೆ ಅರ್ಜಿ ಹಾಕಿದರೆ ಸಿಗುವುದಿಲ್ಲ. ಆಹಾರ ಸಂಸ್ಕರಣೆಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ನಡೆಯುತ್ತಿರುವ ಘಟಕಗಳಿಗೂ ಅವಕಾಶ ಕೊಟ್ಟಿದ್ದರು. ಯೋಜನೆಗಳ ಅವಧಿ, ಶೇಕಡಾವಾರು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಏನಿದೆ ಎಂಬುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೇ ಕೇಳಿ, ಮಧ್ಯವರ್ತಿಯನ್ನು ಕೇಳಬೇಡಿ. ಕೆಲಸ ಕಲಿಯಬೇಕೆಂದರೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಂಥ ಕಡೆ ಊಟ, ವಸತಿಯೊಂದಿಗೆ ಉಚಿತ ತರಬೇತಿ ಇದೆ.

ಈಗ ಜಿಎಸ್‌ಟಿಗೆ ಬರೋಣ

ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಈ ವಹಿವಾಟು ದಾಟಿದರೆ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಗೆರೆ ಎಳೆದಿರುವುದು ವಹಿವಾಟಿಗೆ, ಲಾಭಕ್ಕಲ್ಲ. ದಿನದ ಲೆಕ್ಕಕ್ಕೆ ಇಳಿಸಿದರೆ 40 ಲಕ್ಷ ಎಂದರೆ ದಿನಕ್ಕೆ ಸುಮಾರು 10,960 ರೂಪಾಯಿ. 20 ಲಕ್ಷ ಎಂದರೆ ಸುಮಾರು 5,480. ಹೋಟೆಲು ಸೇವೆಯ ಲೆಕ್ಕಕ್ಕೆ ಬರುವುದರಿಂದ ಬೆಣ್ಣೆ ದೋಸೆ ಹೋಟೆಲಿಗೆ ಅನ್ವಯಿಸುವುದು 20 ಲಕ್ಷದ ಗೆರೆ. ದಾವಣಗೆರೆಯಲ್ಲಿ ಬೆಳಗಿನ ಹೊತ್ತು ಜನ ಕಾಯುತ್ತ ನಿಲ್ಲುವ ಯಾವ ದೋಸೆ ಹೋಟೆಲ್ ತಾನೇ ಅದನ್ನು ದಾಟದೆ ಇದ್ದೀತು?

ತೆರಿಗೆಯೇ ಇಲ್ಲದ ಸರಕನ್ನು ಮಾತ್ರ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಬೇಕಿಲ್ಲ. ತಾಜಾ ತರಕಾರಿ, ಹಾಲು ಈ ಗುಂಪಿಗೆ ಸೇರಿದವು. ಮಂಡಕ್ಕಿಯನ್ನು ಸಡಿಲವಾಗಿ ಅಳೆದು ಕೊಟ್ಟರೆ ತೆರಿಗೆ ಇಲ್ಲ, ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿ ಮಾರಿದರೆ 2022ರ ಜುಲೈನಿಂದ ಶೇ 5 ಬಿದ್ದಿದೆ. ಆದರೆ ತೆರಿಗೆ ಇರುವ ಸರಕು ಸ್ವಲ್ಪವೇ ಮಾರಿದರೂ, 40 ಲಕ್ಷದ ಗೆರೆ ನೋಡುವಾಗ ತೆರಿಗೆ ಇಲ್ಲದ್ದೂ ಸೇರಿ ಒಟ್ಟು ಲೆಕ್ಕಕ್ಕೆ ಬರುತ್ತದೆ. ಹಾಲಿನ ಬೂತಿನಲ್ಲಿ ಬಿಸ್ಕತ್ತು, ತಂಪು ಪಾನೀಯ ಇಟ್ಟವರಿಗೆ ತೊಡಕಾದದ್ದು ಇಲ್ಲೇ.

ನಮ್ಮ ಗಾಣ 42.6 ಲಕ್ಷ ತಲುಪಿದೆ, ನೋಂದಣಿ ಬೇಕೇಬೇಕು. ಸಣ್ಣವರಿಗೆಂದು ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ. ಒಂದೂವರೆ ಕೋಟಿ ವಹಿವಾಟಿನವರೆಗೆ ತಯಾರಕರು, ವ್ಯಾಪಾರಿಗಳು ಶೇ 1, ಹೋಟೆಲಿನವರು ಶೇ 5 ಕಟ್ಟಬಹುದು. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಕೊಂಡ ಸರಕಿನ ಮೇಲಿನ ತೆರಿಗೆ ವಾಪಸ್ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಚಳ್ಳಕೆರೆಯವರಿಗೆ ಈ ಕೊನೆಯ ಮಾತು ಮುಖ್ಯ, ಆಂಧ್ರದ ರಾಯದುರ್ಗ ಹತ್ತಿರದಲ್ಲೇ ಇದೆ. ಅಲ್ಲಿಯ ಅಂಗಡಿಗೆ ಎಣ್ಣೆ ಕಳಿಸಬೇಕೆಂದರೆ ವಹಿವಾಟು ಎಷ್ಟೇ ಇರಲಿ, ಮಾಮೂಲಿ ನೋಂದಣಿಯೇ ಆಗಬೇಕು.

ರಾಜಿ ಪದ್ಧತಿಯಲ್ಲಿ ಆಕೆಗೆ ವರ್ಷಕ್ಕೆ 42,600, ತಿಂಗಳಿಗೆ 3,550 ರೂಪಾಯಿ. 22,250 ಇದ್ದದ್ದು 18,700 ಆಯಿತು. ಹೊರೆಯೇ ಹೌದು, ಆದರೆ ಉದ್ಯಮ ಮುಳುಗಿಸುವ ಹೊರೆಯಲ್ಲ. ಬೀಜದ ದರ ಹತ್ತು ರೂಪಾಯಿ ಏರಿದಾಗ ಆದ ಪೆಟ್ಟಿನ ಪಕ್ಕ ಇಟ್ಟು ನೋಡಿ.

ಯುಪಿಐ ಬಿಟ್ಟು ನಗದಿಗೆ ಮರಳುವುದರಿಂದ ಗೆರೆ ಅಳಿಸಿಹೋಗುವುದಿಲ್ಲ, ನಗದು ಮಾರಾಟವೂ ವಹಿವಾಟೇ. ಬದಲಿಗೆ ವ್ಯಾಪಾರಕ್ಕೆಂದೇ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಳ್ಳಿ. ತಮ್ಮ ಕಳಿಸಿದ ಕೈಸಾಲ, ಚೀಟಿ ದುಡ್ಡು, ಮಗಳ ಫೀಸಿಗೆಂದು ಬಂದದ್ದು ಎಲ್ಲ ಒಂದೇ ಖಾತೆಗೆ ಬಿದ್ದರೆ, ಯಾವುದು ವ್ಯಾಪಾರ ಯಾವುದು ಅಲ್ಲ ಎಂದು ನಾಲ್ಕು ವರ್ಷದ ಮೇಲೆ ಬಿಡಿಸಿ ತೋರಿಸುವುದು ಬಹಳ ಕಷ್ಟ. ನೋಟಿಸ್ ಬಂದರೆ ಅದು ವಿವರಣೆ ಕೇಳುವ ಪತ್ರ, ಉತ್ತರ ಕೊಡಲು ಅವಕಾಶ ಇರುತ್ತದೆ. ಬ್ಯಾಂಕ್ ಪುಸ್ತಕ, ಬಿಲ್ ಹಿಡಿದು ಗಡುವಿನೊಳಗೆ ಉತ್ತರ ಕೊಡಬೇಕು, ಸುಮ್ಮನೆ ಕೂರಬಾರದು. ಬ್ಯಾಂಕ್ ಖಾತೆಯಲ್ಲಿ ಕಂಡ ವಹಿವಾಟೇ ನಾಳೆ ಓ.ಡಿ. ಕೇಳುವಾಗ ನಿಮ್ಮ ಸಾಕ್ಷಿ ಎಂಬುದನ್ನೂ ಮರೆಯಬೇಡಿ.

ಉಳಿದ ಕಾಗದಗಳು

ಉದ್ಯಮ್ ನೋಂದಣಿ 2020ರ ಜುಲೈನಿಂದ ಆನ್‌ಲೈನ್‌ನಲ್ಲಿದೆ, ಆಧಾರ್, ಪ್ಯಾನ್ ಬೇಕು, ಪೂರ್ತಿ ಉಚಿತ. ಸಾವಿರಾರು ರೂಪಾಯಿ ಕೇಳುವ ಜಾಲತಾಣಗಳು ಸರ್ಕಾರದವಲ್ಲ. 2025ರ ಏಪ್ರಿಲ್‌ನಿಂದ ಯಂತ್ರೋಪಕರಣ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದ ಉದ್ಯಮವೆಲ್ಲ ಸೂಕ್ಷ್ಮ ಉದ್ಯಮವೇ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ವಹಿವಾಟಿಗೆ ತಕ್ಕ ಪರವಾನಗಿ ಬೇಕು, ಅದರ 14 ಅಂಕಿಯ ಸಂಖ್ಯೆ ಬಾಟಲಿಯ ಚೀಟಿಯ ಮೇಲೆ ಇರಬೇಕು. ಜೊತೆಗೆ ಪ್ರಮಾಣ, ಬೆಲೆ, ತಯಾರಿಸಿದ ದಿನ. ಸ್ಥಳೀಯ ಸಂಸ್ಥೆಯ ಪರವಾನಗಿ, ವಿದ್ಯುತ್ತಿನ ಪ್ರತ್ಯೇಕ ಸಂಪರ್ಕ ಊರೂರಿಗೆ ತಕ್ಕಂತೆ.

ಶುರು ಮಾಡುವ ಮುನ್ನ, ಎರಡನೇ ಗಾಣಕ್ಕೂ ಮುನ್ನ

ಇಷ್ಟೆಲ್ಲ ಕೇಳಿ ಹಿಂದೆ ಸರಿಯಬೇಕಿಲ್ಲ. ಯಂತ್ರವನ್ನೇ ಕೊಳ್ಳದೆ ಪರೀಕ್ಷೆ ಮಾಡುವ ದಾರಿ ಇದೆ. ಬೀಜ ತೆಗೆದುಕೊಂಡು ಹೋಗಿ ಬೇರೆಯವರ ಗಾಣದಲ್ಲಿ ಕೂಲಿ ಕೊಟ್ಟು ಹಿಂಡಿಸಿ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಮೊದಲ ನೂರು ಲೀಟರ್ ಮಾರಿ ನೋಡುವುದು. ಪರಿಚಯದವರು ಮೊದಲ ಬಾಟಲಿ ಮುಲಾಜಿಗೆ ಕೊಳ್ಳುತ್ತಾರೆ. ನೋಡಬೇಕಾದ್ದು ಎರಡನೇ ಬಾಟಲಿ. ಒಂದು ತಿಂಗಳ ಮೇಲೆ ಅವರೇ ಫೋನು ಮಾಡಿ ಕೇಳಿದರೆ ನಿಮಗೆ ಗಿರಾಕಿ ಸಿಕ್ಕ ಹಾಗೆ. ಈ ಪರೀಕ್ಷೆಗೆ ಬೇಕಾದ್ದು 35,000 ರೂಪಾಯಿ ಆಸುಪಾಸು, ಗಾಣ ಕೊಳ್ಳಲು ಲಕ್ಷಗಟ್ಟಲೆ. ಸಬ್ಸಿಡಿ ಇದೆಯಲ್ಲ ಎಂದು ಪರೀಕ್ಷೆ ಬಿಟ್ಟು ನೇರ ಯಂತ್ರಕ್ಕೆ ಹೋಗುವುದನ್ನು ನಾನಂತೂ ಒಪ್ಪುವುದಿಲ್ಲ.

ಒಂದು ಗಾಣ ಚೆನ್ನಾಗಿ ನಡೆಯತೊಡಗಿದ ಕೂಡಲೇ ಎರಡನೆಯದರ ಆಸೆ ಹುಟ್ಟುತ್ತದೆ. ಮಾರಾಟ ದುಪ್ಪಟ್ಟಾದರೆ ಲಾಭ ದುಪ್ಪಟ್ಟಾಗಬಹುದು, ಆದರೆ ಲಾಭಕ್ಕಿಂತ ಮೊದಲು ದುಪ್ಪಟ್ಟಾಗುವುದು ಹೊರಗೆ ಸಿಕ್ಕಿಕೊಳ್ಳುವ ರೊಕ್ಕ. ನಾಲ್ಕೂವರೆ ಲಕ್ಷ ಇದ್ದದ್ದು 9 ಲಕ್ಷವಾಗುತ್ತದೆ. ತಿಂಗಳಿಗೆ 18,700 ಉಳಿಸುವ ಗಾಣ ಆ ಹೆಚ್ಚಿನ ನಾಲ್ಕೂವರೆ ಲಕ್ಷವನ್ನು ತಾನೇ ದುಡಿದು ತರಬೇಕೆಂದರೆ, ಮನೆಗೆ ಒಂದು ರೂಪಾಯಿಯೂ ಕೊಡದೆ ಎರಡು ವರ್ಷ ಬೇಕು. ಅದಕ್ಕೇ ಬೆಳೆಯುವವರು ಮೊದಲು ಮಾಡಬೇಕಾದ್ದು ರೊಕ್ಕದ ಸುತ್ತನ್ನು ಚಿಕ್ಕದು ಮಾಡುವುದು. ಉದ್ರಿ 30 ದಿನದಿಂದ 15ಕ್ಕೆ ಇಳಿದರೆ, ತಿಂಗಳ ಬೀಜದ ಬದಲು ವಾರದ ಬೀಜ ತಂದರೆ, 45 ದಿನದ ಸುತ್ತು ಅರ್ಧಕ್ಕೆ ಬರುತ್ತದೆ. ಆಗ ಇದ್ದ ನಾಲ್ಕೂವರೆ ಲಕ್ಷದಲ್ಲೇ ಎರಡು ಗಾಣಕ್ಕೂ ಬೀಜ ಸಿಗುತ್ತದೆ, ಹೊಸ ಸಾಲ ಬೇಕಾಗುವುದು ಯಂತ್ರಕ್ಕೆ ಮಾತ್ರ.